ಮೊಳೆಗೆ ನೇತುಬಿದ್ದ ಕಳ್ಳ

ಇವತ್ತು ಬೆಳಿಗ್ಗೆ ಬ್ಯಾಡಗಿಯಿಂದ ಹೊಸ ಮೆಣಸಿನಕಾಯಿ ಬಂತು. ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಚೀಲದ ಬಾಯಿ ಬಿಚ್ಚಿದ್ದೇ ತಡ, ಒಂದರ ಹಿಂದೆ ಒಂದು ಸೀನು. ಬ್ಯಾಡಗಿ ಕಾಯಿ ಬಣ್ಣಕ್ಕಷ್ಟೇ ಹೆಸರು, ಖಾರಕ್ಕಲ್ಲ ಎನ್ನುತ್ತಾರೆ. ಹಾಗೆನ್ನುವವರು ಅದರ ಧೂಳಿನಲ್ಲಿ ಕೂತವರಲ್ಲ. ಸೊಸೆ ಗಾಬರಿಯಾಗಿ ನೀರು ತಂದಳು. ನನಗೆ ನೀರು ಬೇಕಿರಲಿಲ್ಲ, ಒಂದು ಪತ್ತೇದಾರಿ ಪುಸ್ತಕ ಬೇಕಿತ್ತು. ನಗಬೇಡಿ. ಈ ಘಾಟು ಮೂಗಿಗೆ ಹತ್ತಿದರೆ ನನಗೆ ಇವತ್ತಿಗೂ ಕಳ್ಳರು ನೆನಪಾಗುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ, ದೊಡ್ಡಪ್ಪ ಇಬ್ಬರದೂ ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿ ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ದೊಡ್ಡಪ್ಪನ ಮಗಳು ಗಿರಿಜಕ್ಕನಿಗೆ ಮಾತ್ರ ಆ ಕೆಲಸ ಮಾಫಿ. ಅವಳು ಮಧ್ಯದಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಮಕ್ಕಳ ಪತ್ತೇದಾರಿ ಕತೆಗಳನ್ನು ಓದಬೇಕು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಕೂಡ 'ಅಯ್ಯ, ಆ ಹುಡುಗ ಸುರಂಗದಾಗ ಸಿಕ್ಕೊಂಡ' ಎಂದು ಕೈಯಲ್ಲಿದ್ದ ಕಾಯಿ ಮರೆತು ಕೂರುತ್ತಿದ್ದರು.

ಆ ಕತೆಗಳಲ್ಲಿ ಅಂಥದ್ದೇನಿತ್ತು ಎಂದು ನೀವು ಕೇಳಬಹುದು. ಒಂದು ಪಾಳು ಬಂಗಲೆ, ಒಂದು ಟಾರ್ಚು, ಯಾವಾಗಲೂ ಹಸಿದಿರುವ ಮಕ್ಕಳು, ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಮಕ್ಕಳು ಬಾಯಿ ತೆರೆದರೆ 'ಸುಮ್ಮ ಕುಂದ್ರು' ಎಂಬ ಒಂದೇ ಉತ್ತರ. ಪುಸ್ತಕದೊಳಗೆ ನನ್ನಷ್ಟೇ ವಯಸ್ಸಿನ ಹುಡುಗಿ 'ಕಳ್ಳ ಇವನೇ' ಎಂದು ಬೆರಳು ತೋರಿಸಿದರೆ ಸಾಕ್ಷಾತ್ ಪೊಲೀಸ್ ಫೌಜದಾರನೇ ಬಗ್ಗಿ ಕೇಳುತ್ತಿದ್ದ! ಹುಡುಗಿಯ ಮಾತು ಕೊನೆಗೆ ಖರೇ ಆಗುತ್ತಿತ್ತು. ಇದಕ್ಕಿಂತ ದೊಡ್ಡ ಸುಖ ಯಾವುದಿದೆ ಹೇಳಿ.

ನಾನೂ ಪತ್ತೇದಾರಿಕೆಗೆ ಇಳಿದವಳೇ. ಒಂದು ಕತೆಯಲ್ಲಿ ಬೆರಳ ತುದಿಯ ಕೆಂಪು ಕಲೆಯಿಂದ ಅಪರಾಧಿ ಸಿಕ್ಕಿಬಿದ್ದಿದ್ದ. ಅಜ್ಜಿಯ ಅಡಕೊತ್ತು ಕಳೆದಾಗ ನಾನು ಅದೇ ಉಪಾಯ ಹೂಡಿ ಓಣಿಗಿಳಿದೆ. ಬ್ಯಾಡಗಿಯಲ್ಲಿ ಯಾರ ಬೆರಳು ಕೆಂಪಗಿಲ್ಲ? ಮೇಲಾಗಿ ಕಣ್ಣು ಒರೆಸಿಕೊಳ್ಳುವವರು, ಮುಖಕ್ಕೆ ವಸ್ತ್ರ ಕಟ್ಟಿಕೊಂಡವರು, ನನ್ನನ್ನು ಕಂಡೊಡನೆ ಸೀನುವವರು. ಊರಿಗೆ ಊರೇ ಕಳ್ಳರು. ಅಡಕೊತ್ತು ಅಜ್ಜಿಯ ಎಲೆ ಸಂಚಿಯಲ್ಲೇ ಇತ್ತು.

ಇರಲಿ, ಮುಖ್ಯ ಸಂಗತಿಗೆ ಬರುತ್ತೇನೆ. ಪುಸ್ತಕ ತರುತ್ತಿದ್ದದ್ದು ಪೇಟೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ. ಅಂಗಡಿಯ ಕಾಕಾ, ಹೋದ ಪುಸ್ತಕ ತಿರುಗಿ ಬರುವುದಿಲ್ಲವೆಂದು ಬೇಸತ್ತು, ಒಂದು ಯುಕ್ತಿ ಮಾಡಿದ್ದ. ಪತ್ತೇದಾರಿ ಪುಸ್ತಕಗಳ ಕೊನೆಯ ಅಧ್ಯಾಯವನ್ನು ಬ್ಲೇಡಿನಿಂದ ಕತ್ತರಿಸಿ, ದಾರ ಪೋಣಿಸಿ, ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಪುಸ್ತಕ ಮರಳಿಸಿದವರು ಅಲ್ಲೇ ನಿಂತು ಅದನ್ನು ಓದಿ ಹೋಗಬೇಕು. ಮದುವೆಯ ವಯಸ್ಸಿಗೆ ಬಂದ ಹುಡುಗಿ ಪೇಟೆಯಲ್ಲಿ ನಿಂತು ಓದುವುದೆಂದರೇನು? ಹಾಗಾಗಿ ಓದಿ ಬರುವ ಭಾರ ನನ್ನದು. ಅಷ್ಟೊಂದು ಪುಸ್ತಕ ಓದಿದ ಗಿರಿಜಕ್ಕ ಕೊನೆಯ ಅಧ್ಯಾಯವೊಂದನ್ನೂ ತನ್ನ ಕಣ್ಣಿಂದ ಓದಿರಲಿಲ್ಲ.

ನಾನೋ, ಹೊಟ್ಟೆಯಲ್ಲಿ ಮಾತು ನಿಲ್ಲದವಳು. ಬೆನ್ನಟ್ಟಿದ್ದು, ಸಿಕ್ಕಿಬಿದ್ದದ್ದು ಎಲ್ಲ ಬಿಟ್ಟು, ಹೊಸ್ತಿಲಲ್ಲೇ ಕಳ್ಳನ ಹೆಸರು ಒದರಿಬಿಡುತ್ತಿದ್ದೆ. ಹೆಂಗಸರಿಗೆ ಅಷ್ಟು ಸಾಕಿತ್ತು. ಗಿರಿಜಕ್ಕನ ಮುಖ ಮಾತ್ರ ಸಣ್ಣದಾಗುತ್ತಿತ್ತು. "ಊಟಕ್ಕಿಂತ ಮೊದಲ ಎಲಿ-ಅಡಿಕಿ ಕೊಟ್ಟಂಗಾತು ನೋಡು," ಎನ್ನುತ್ತಿದ್ದಳು.

ಹೀಗಿರುವಾಗಲೇ ಅವಳಿಗೆ ವರ ನೋಡುವುದು ಶುರುವಾಯಿತು. ಮೊದಲು ಬಂದವನು, ಓದೋದೆಲ್ಲ ಮದುವೆಯವರೆಗೆ ಸರಿ, ಆಮೇಲೆ ಪುರುಸೊತ್ತು ಎಲ್ಲಿ ಎಂದು ನಕ್ಕ. ಗಿರಿಜಕ್ಕ ಒಲ್ಲೆ ಎಂದಳು. ಎರಡನೆಯವನ ತಾಯಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅದಕ್ಕೂ ಒಲ್ಲೆ. ದೊಡ್ಡವ್ವನಿಗೆ ಚಿಂತೆ ಹತ್ತಿತು, ದೊಡ್ಡಪ್ಪನಿಗೆ ಸಿಟ್ಟು. ಪುಸ್ತಕವಿಲ್ಲದ ಮನೆಗೆ ಹೋದರೆ ತಾನು ಉಸಿರುಕಟ್ಟಿ ಸಾಯುತ್ತೇನೆ ಎಂದು ಅವಳು ನನ್ನೊಬ್ಬಳ ಮುಂದೆ ಅತ್ತಳು. ನಾನೂ ಜೊತೆಗೆ ಅತ್ತೆ.

ಮೇಡ್ಲೇರಿಯ ವರ ಬರುವ ಹೊತ್ತಿಗೆ ಇನ್ನೊಂದು ಫಜೀತಿ. ಒಂದು ಬಂಗಲೆಯ ಗಡಿಯಾರ ಕದ್ದ ಕತೆ ಓದಿ ಮುಗಿದಿತ್ತು, ಕೊನೆಯ ಅಧ್ಯಾಯ ಉಳಿದಿತ್ತು, ಕಾಕಾ ಅಂಗಡಿಗೆ ಬೀಗ ಹಾಕಿ ಮಗಳ ಬಾಣಂತನಕ್ಕೆ ಹೋಗಿದ್ದ. ನಾನು ದಿನಾ ಹೋಗಿ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೆ. ಕೊನೆಯ ಅಧ್ಯಾಯ ಗಾಳಿಗೆ ತೂಗುತ್ತಿರುವುದು ಚೆನ್ನಾಗಿಯೇ ಕಾಣುತ್ತಿತ್ತು. ಹಿತ್ತಲಲ್ಲಿ ಹೆಂಗಸರು ಎರಡು ಪಾರ್ಟಿಯಾಗಿ, ಮಾಲಿಯೇ ಕಳ್ಳ, ಅಲ್ಲ ಸೋದರಮಾವನೇ ಕಳ್ಳ ಎಂದು ಜಗಳಕ್ಕೆ ನಿಂತಿದ್ದರು.

ವರ ಶೇಖರಪ್ಪ. ಹೊಳೆಯ ದಂಡೆಯಲ್ಲಿ ಹೊಲ, ರಾಣೇಬೆನ್ನೂರಿನಲ್ಲಿ ಕಾಲೇಜು ಓದಿದವನು. ಉಪ್ಪಿಟ್ಟು, ಚಹಾ ಆಯಿತು. ಹಿರಿಯರು ಅಡುಗೆ, ಹೊಲಿಗೆ ಎಲ್ಲ ವಿಚಾರಿಸಿ ಮುಗಿಸಿದರು. ನಮ್ಮಲ್ಲಿ ಕೊನೆಗೆ ಬಾಯಿಮಾತಿಗೆ ಒಂದು ಪದ್ಧತಿ ಉಂಟು, ಹುಡುಗಿಯೇನಾದರೂ ಕೇಳುವುದಿದ್ದರೆ ಕೇಳಲಿ ಎನ್ನುವುದು. ಯಾವ ಹುಡುಗಿಯೂ ಕೇಳುವುದಿಲ್ಲ. ತಲೆ ತಗ್ಗಿಸಿ ಒಳಗೆ ಹೋಗುವುದೇ ಉತ್ತರ. ಗಿರಿಜಕ್ಕ ತಲೆ ತಗ್ಗಿಸಿಯೇ ಕೇಳಿದಳು. ಬಂಗಲೆಯ ಗಡಿಯಾರದ ಕತೆ ಓದಿದ್ದೀರೇನು, ಕದ್ದವರು ಯಾರು ಎಂದು.

ದೊಡ್ಡಪ್ಪ ಹಣೆ ಹಿಡಿದುಕೊಂಡರು. ವರನ ಸೋದರಮಾವ, ತನ್ನ ಮೇಲೇ ಕಳ್ಳತನದ ಮಾತು ಬಂತೇನೋ ಎಂಬಂತೆ ಕೆಮ್ಮಿದರು. ಶೇಖರಪ್ಪನ ಕಣ್ಣು ಮಾತ್ರ ಅರಳಿತು.

"ಓದೇನ್ರಿ. ಆದ್ರ ನಾ ಹೇಳಂಗಿಲ್ಲ," ಎಂದ. "ಪೂರ್ತಿ ಪುಸ್ತಕ ನನ್ನ ಹತ್ರ ಐತಿ, ಕಳಸ್ತೇನಿ. ಕಡೀ ಅಧ್ಯಾಯ ನೀವ ಓದ್ರಿ."

ಇದು ಸೊಕ್ಕೋ ಸಲಿಗೆಯೋ ಎಂದು ಹಿರಿಯರಿಗೆ ತಿಳಿಯಲಿಲ್ಲ. ಗಿರಿಜಕ್ಕ ಒಳಗೆ ಬಂದು ದೊಡ್ಡವ್ವನ ಕೈ ಹಿಡಿದು, ಇವರೇ ಆಗಲಿ ಎಂದುಬಿಟ್ಟಳು.

ಮಾತಿನಂತೆ ಪುಸ್ತಕ ಬಂತು. ಅವತ್ತು ಹಿತ್ತಲಲ್ಲಿ ಒಂದು ಕಾಯಿಯ ತೊಟ್ಟೂ ಮುರಿಯಲಿಲ್ಲ. ಗಿರಿಜಕ್ಕ ಕೊನೆಯ ಅಧ್ಯಾಯವನ್ನು ತಾನೇ, ಒಂದೊಂದು ಸಾಲೂ ಸವಿದು, ಬೇಕೆಂದೇ ನಿಧಾನವಾಗಿ ಓದಿದಳು. ನನ್ನ ಉದ್ಯೋಗ ಹೋಯಿತಲ್ಲ ಎಂದು ನನಗೆ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳ ಮುಖ ನೋಡಿ ಎಲ್ಲ ಮರೆತೆ. ಅಷ್ಟು ಸಂತೋಷದ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಡಿಯಾರ ಕದ್ದವರು ಯಾರೆಂದು ನೀವು ಕೇಳುತ್ತೀರಿ. ಈಗ ನನಗೂ ಸ್ವಲ್ಪ ಬುದ್ಧಿ ಬಂದಿದೆ, ಹೇಳುವುದಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾದೀತೇ? ಮೇಡ್ಲೇರಿಗೆ ಫೋನು ಹಚ್ಚಿದೆ. ಶೇಖರಪ್ಪ ಮಾಮಾ ಎತ್ತಿಕೊಂಡರು. ಗಿರಿಜಕ್ಕನಿಗೆ ಹೋದ ವಾರ ರಾಣೇಬೆನ್ನೂರಿನಲ್ಲಿ ಕಣ್ಣಿನ ಆಪರೇಷನ್ ಆಗಿದೆ, ಇನ್ನೂ ಕೆಲವು ದಿನ ಓದುವಂತಿಲ್ಲ. ಮೊಮ್ಮಗಳ ಪತ್ತೇದಾರಿ ಪುಸ್ತಕವೊಂದನ್ನು ತಾವೇ ದಿನಾ ಓದಿ ಹೇಳುತ್ತಿದ್ದಾರಂತೆ. ನಿನ್ನೆ ಇನ್ನೇನು ಕೊನೆಯ ಅಧ್ಯಾಯ ಎನ್ನುವಾಗ ಅಕ್ಕ ಪುಸ್ತಕ ಕಸಿದುಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ಕಣ್ಣು ಸರಿಯಾಗುವ ತನಕ ಯಾರೂ ಮುಟ್ಟುವಂತಿಲ್ಲ ಎಂದು ದೂರು ಹೇಳಿದರು. ದೂರಿನ ತುಂಬ ನಗು.

ಫೋನು ಅಕ್ಕನ ಕೈಗೆ ಹೋಯಿತು. ನಾಳೆಯೇ ಬಂದು ನಾನು ಓದಿ ಹೇಳಲೇನು ಎಂದು ಕೇಳಿದೆ.

"ಬಾರವಾ, ನಾಕ ದಿನ ಇದ್ದು ಹೋಗು," ಎಂದಳು. "ಆದ್ರ ದಿಂಬಿನ ಕಡೆ ಮಾತ್ರ ಬರಬ್ಯಾಡ."