ಅಜ್ಜಿಯ ತವರಿನ ಹೆಸರು

ಭಾಲ್ಕಿಯ ಕಾಲೇಜಿನ ನನ್ನ ಬರವಣಿಗೆ ತರಗತಿಯಲ್ಲಿ ನಾನು ಪ್ರಬಂಧ ಬರೆಸುವುದಿಲ್ಲ. ‘ಮಹಿಳೆ: ಅಂದು, ಇಂದು’ ಓದಿ ಓದಿ ತಲೆ ಕೆಟ್ಟುಹೋಗಿದೆ. ಬೀದರಿನ ಹಳೇ ಕನ್ಯಾಶಾಲೆಯೊಂದರ ಗ್ರೂಪ್ ಫೋಟೊಗಳ ಪ್ರತಿ ಹಂಚುತ್ತೇನೆ. ಪ್ರತಿ ಮುಖಕ್ಕೂ ಒಂದು ಚೀಟಿ: ಇವರು ಯಾರು, ಹೇಳಿದವರು ಯಾರು, ಇನ್ನೂ ಏನು ಗೊತ್ತಿಲ್ಲ. ಪೆನ್ಸಿಲಿನಲ್ಲೇ ಬರೆಯಬೇಕು. ಊಹೆ ಬರೆದರೆ ನನ್ನ ಬೈಗುಳ ಗ್ಯಾರಂಟಿ.

ಒಂದು ಫೋಟೊದ ಹಿಂದೆ ಹುಡುಗಿಯರ ಹೆಸರುಗಳಿದ್ದವು. ಎಲ್ಲರ ಸುಳಿವೂ ಸಿಕ್ಕಿತು, ಮುಂದಿನ ಸಾಲಿನ ಒಬ್ಬಳದು ಮಾತ್ರ ಇಲ್ಲ. ‘ಏನಾದಳೋ ತಿಳಿಯದು’ ಎಂದು ಚೀಟಿ ಅಂಟಿಸಿದೆವು. ಔರಾದ ತಾಲೂಕಿನ ಚಿಂತಾಕಿಯ ವಿದ್ಯಾರ್ಥಿನಿಯೊಬ್ಬಳು ಆ ಪ್ರತಿಯನ್ನು ಮನೆಗೆ ಒಯ್ದಳು. ಮರುದಿನ ಓಡುತ್ತಲೇ ಬಂದಳು.

“ಮೇಡಂ, ಆಕಿ ನಮ್ಮ ಅಜ್ಜಿ ಅದಾಳ್ರಿ! ಫೋಟೊ ನೋಡಿ ಆಕೀನೇ ಹೇಳಿದಳ್ರಿ.”

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಇದು ಗೊತ್ತಿದ್ದೂ ನಾವು ಹಳೇ ಹೆಸರನ್ನೇ ಹಿಡಿದು ಅಲೆದು, ಬದುಕಿರುವ ಹೆಂಗಸನ್ನು ಕಳೆದುಹಾಕಿದ್ದೆವು. ನನಗೆ ಆ ಅಕ್ಕಿಯ ತಟ್ಟೆಯ ಮೇಲೆ ವಿಪರೀತ ಸಿಟ್ಟು ಬಂತು.

ಚೀಟಿಯಲ್ಲಿ ಎರಡೂ ಹೆಸರು ಬರೆದೆವು, ತವರಿನದು ಮೊದಲು. ಫೋಟೊ ಕಾಲೇಜಿನ ವರಾಂಡದ ಗೋಡೆಗೆ ಏರಿತು. ಫೋಟೊ ಪ್ರದರ್ಶನದ ದಿನ ಹುಡುಗಿಯ ಅಪ್ಪ ತಮ್ಮ ತಾಯಿಯನ್ನು ಕರೆತಂದರು. ಚೀಟಿ ಓದಿದ್ದೇ ಅಪ್ಪನ ಮುಖ ಬಿಗಿಯಿತು.

“ಈ ಮೊದಲಿನ ಹೆಸರು ಅಳಸ್ರಿ ಮೇಡಂ. ನಮ್ಮ ಮನ್ಯಾಗ ಯಾರೂ ಹಂಗ ಕರೆಯಂಗಿಲ್ಲ. ಮಂದಿ ಏನಂತಾರ?”

“ನಾ ಅಳಸಂಗಿಲ್ರಿ. ಹೆಸರು ನಿಮ್ಮ ತಾಯಿದು, ಅವರು ಹೇಳಲಿ.”

ನಮ್ಮ ವಿಭಾಗದ ಮುಖ್ಯಸ್ಥರು ದೂರದಿಂದಲೇ ಕಣ್ಸನ್ನೆ ಮಾಡಿದರು, ಬಿಟ್ಟುಬಿಡಿ ಎಂದು. ನಾನು ಆ ಕಡೆ ನೋಡಲೇ ಇಲ್ಲ. ಇಂಥ ‘ಬಿಟ್ಟುಬಿಡಿ’ಗಳಿಂದಲೇ ಅರ್ಧ ಊರಿನ ಹೆಂಗಸರು ಹೆಸರಿಲ್ಲದೆ ಸತ್ತಿದ್ದಾರೆ.

ಅಜ್ಜಿ ಮೇಜಿನ ಮೇಲಿದ್ದ ರಬ್ಬರ್ ಎತ್ತಿ ಮಗನ ಕೈಗೆ ಕೊಟ್ಟರು.

“ಅಳಸು. ಆದ್ರ ಮೊದಲ ಅದನ್ನ ಒಮ್ಮಿ ಓದು.”

ಮಗ ಸುತ್ತ ನೋಡಿದರು. ಹುಡುಗಿಯರೆಲ್ಲ ಕೆಲಸ ಬಿಟ್ಟು ನಿಂತಿದ್ದರು. ಮಗ ಬಾಯೊಳಗೇ ಏನೋ ಅಂದರು.

“ಜೋರಾಗಿ ಓದು.”

ಹೆತ್ತ ತಾಯಿಯ ಹೆಸರನ್ನು ಅವರು ಮೊದಲ ಸಲ ಗಟ್ಟಿಯಾಗಿ ಹೇಳಿದರು.

“ಓ,” ಎಂದರು ಅಜ್ಜಿ. “ಇಲ್ಲೇ ಅದೇನಿ.”

ಮಗ ರಬ್ಬರನ್ನು ಮೇಜಿನ ಮೇಲಿಟ್ಟರು.