ಕಂಬದ ಬುಡ ಯಾವ ಕಡೆ

ನಾನು ಹಳಿಯಾಳದಲ್ಲಿ ಬಡಿಗತನ ಮಾಡುತ್ತಿದ್ದ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಎತ್ತ ನೋಡಿದರೂ ಸಾಗುವಾನಿ ಮರ, ಮನೆಗೆ ಮಾತ್ರ ಒಂದು ಕಂಬ ಸಿಗುತ್ತಿರಲಿಲ್ಲ. ಕಾಡಿನ ಮರವೆಲ್ಲ ದಾಂಡೇಲಿಯ ಡಿಪೋಕ್ಕೆ ಬಂದು, ಮೈಮೇಲೆ ಸರಕಾರದ ಮುದ್ರೆ ಹೊಡೆಸಿಕೊಂಡು, ರೈಲು ಹತ್ತಿ ಯುದ್ಧಕ್ಕೆ ಹೋಗುತ್ತಿತ್ತು. ನಮ್ಮೂರಿನಿಂದ ದಂಡು ಸೇರಿದ ಜನ ಕಡಿಮೆ. ಊರಿನ ಮಾನವನ್ನು ಮರಗಳೇ ಉಳಿಸಿದವು.

ನಮಗೆ ಉಳಿದದ್ದು ಹಳೆಯ ಕಟ್ಟಿಗೆ. ಪ್ಲೇಗಿನಲ್ಲಿ ಪಾಳುಬಿದ್ದ ಮನೆಗಳನ್ನು ಬಿಚ್ಚಿಸಿ ತೊಲೆ, ಕಂಬ, ಬಾಗಿಲು ಮಾರುವ ಸಾಹೇಬರೊಬ್ಬರು ನನ್ನ ಅಂಗಡಿಯ ಮಗ್ಗುಲಲ್ಲೇ ಇದ್ದರು. ಗಿರಾಕಿ ಮೂಗು ಮುರಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು: "ಸತ್ತ ಮನಿ ಕಟ್ಟಿಗಿನೇ ಗಟ್ಟಿ ತಗೋರಿ. ಅಳೂದೆಲ್ಲಾ ಅಲ್ಲೇ ಮುಗಿಸಿ ಬಂದಿರ್ತೈತಿ."

ಇಂಥ ಕಟ್ಟಿಗೆಯಲ್ಲಿ ಒಂದೇ ತೊಡಕು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಿರುವಿ ನಿಲ್ಲಿಸಿದರೆ ಆ ಮನೆಯಲ್ಲಿ ಕೂಸು ಬಾಳುವುದಿಲ್ಲ ಎಂಬುದು ನಮ್ಮ ಕಡೆಯ ಕಾನೂನು. ಹಸಿ ಮರದ ಬುಡ ಕುರುಡನಿಗೂ ಗೊತ್ತಾಗುತ್ತದೆ. ಚೌಕ ಕೆತ್ತಿದ, ಎರಡೂ ಕಡೆ ಗೆದ್ದಲು ತಿಂದ ಹಳೆಯ ಕಂಬದ್ದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕೆರೆಯಲ್ಲಿ ತೇಲಿಬಿಡುತ್ತಿದ್ದೆವು. ಬುಡ ಭಾರ, ಆ ಕಡೆ ತಗ್ಗುತ್ತದೆ. ಕಂಬ ಆರೋಪಿ, ನೀರು ಸಾಕ್ಷಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತ ನಾನು ನ್ಯಾಯಾಧೀಶ.

ಒಂದು ಬೇಸಗೆಯ ಕೊನೆಗೆ ಸಿದ್ದಿ ಜನಾಂಗದ ಗಂಡ ಹೆಂಡತಿ ಬಂದರು, ಹೆಂಡತಿಯ ಸೊಂಟದ ಮೇಲೆ ಒಂದು ಹೆಣ್ಣು ಕೂಸು. ಆತ ಕಾಡಿನಲ್ಲಿ ದಿಮ್ಮಿ ಎಳೆಯುವವನು. ಸಾವಿರ ಮರ ಹೊತ್ತ ಹೆಗಲಿಗೆ ಸ್ವಂತ ಗುಡಿಸಲ ನಡುವೆ ನಿಲ್ಲಿಸಲು ಒಂದು ಕಂಬ ಬೇಕಾಗಿತ್ತು. ಸಾಹೇಬರ ರಾಶಿಯಿಂದ ಒಂದನ್ನು ಆರಿಸಿದೆವು. ಕೆರೆಯೋ ಬತ್ತಿ ಬಿರುಕು ಬಿಟ್ಟಿತ್ತು, ಮಳೆ ತಲೆಯ ಮೇಲಿತ್ತು. ನಾನು ಗಂಟುಗಳನ್ನು ಸವರಿ, ಕಣ್ಣು ಕಿರಿದು ಮಾಡಿ, ಒಂದು ಕಡೆ ಸುಣ್ಣದ ಗೆರೆ ಎಳೆದೆ.

"ಇದು ಬುಡ."

"ಖರೇನ್ರಿ ಬಡಿಗ್ಯಾರ? ನೀರಿಗಿ ಬಿಡದ?" ಅಂದಳು ಆಕೆ.

"ನನ್ನ ಕೈಗಿಂತಾ ಕೆರೀ ನೀರು ಶಾಣ್ಯಾ ಏನವಾ?" ಅಂದೆ. ಅವಳು ನಕ್ಕಳು. ನಾನೇ ಹೋಗಿ ಕಂಬ ನೆಟ್ಟು ಬಂದೆ.

ಮಳೆಗಾಲದಲ್ಲಿ ಎಂದಿನಂತೆ ಚಳಿಜ್ವರ ಬಂತು. ಆ ಕೂಸು ನಾಲ್ಕನೆಯ ದಿನಕ್ಕೆ ಹೋಯಿತಂತೆ. ಶ್ರಾವಣದಲ್ಲಿ ಗಂಡ ಹೆಂಡತಿ ಮತ್ತೆ ಅಂಗಡಿಗೆ ಬಂದರು. ಆಕೆಗೆ ಆಗಲೇ ಆರು ತಿಂಗಳು ತುಂಬಿತ್ತು.

"ಕಂಬ ಉಲ್ಟಾ ಐತಿ ಅಂತಾರ ಊರಾಗ," ಅಂದಳು. "ಕಿತ್ತು ನೀರಿಗಿ ಬಿಡ್ರಿ. ಉಲ್ಟಾ ಇದ್ರ ಈ ಕೂಸನ್ನ ಆ ಮನ್ಯಾಗ ಹಡಿಯಂಗಿಲ್ಲ ನಾ. ಅಡವ್ಯಾಗ ಹಡೀತೇನಿ."

ಗಂಡ ಗೊಣಗಿದ: "ಜ್ವರಾ ಗೌಡರ ಮನಿಗೂ ಬಂತು. ಅವರದೂ ಕಂಬ ಉಲ್ಟಾ ಐತೇನ?"

"ನೀ ಸುಮ್ಕಿರು. ನಿನ್ನ ಕೇಳಾಕ ಬಂದಿಲ್ಲ."

ಮರುದಿನ ಅವರ ಊರಿಗೆ ಹೋದೆ. ಗುಡಿಸಲ ಮಾಡಿಗೆ ಬಿದಿರಿನ ಆಸರೆ ಕೊಟ್ಟು, ಕಂಬ ಕಿತ್ತು, ತುಂಬಿದ ಕೆರೆಗೆ ಇಳಿಸಿದೆವು. ಆಕೆ ದಂಡೆಯ ಮೇಲೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಳು. ಕಂಬ ಒಮ್ಮೆ ಹೊರಳಿತು, ನಿಧಾನವಾಗಿ ತಿರುಗಿತು, ನಾನು ಗೆರೆ ಎಳೆದ ಕಡೆಯೇ ತಗ್ಗಿತು.

ಆಕೆ ಅಲ್ಲೇ ಕುಸಿದು ಕೂತು ಅತ್ತಳು. "ಹಂಗಾರ ಮನೀದಲ್ಲ ತಪ್ಪು. ಮನೀದಲ್ಲ," ಎಂದು ಹೇಳಿಕೊಳ್ಳುತ್ತ, ಒಲೆ ಹೊತ್ತಿಸಲು ಎದ್ದು ಮನೆಗೆ ಹೋದಳು. ನನ್ನ ನ್ಯಾಯಾಲಯ ಮೊದಲ ಸಲ ತಲೆ ತಗ್ಗಿಸಿ ನಿಂತಿತ್ತು. ಸಾಕ್ಷಿ ಸುಳ್ಳು ಎಂದು ನನಗೆ ಗೊತ್ತಿತ್ತು. ಎರಡು ತಿಂಗಳು ಹಸಿ ಮಣ್ಣಿನಲ್ಲಿ ಹೂತ ಕಡೆ, ಬುಡವಿರಲಿ ತುದಿಯಿರಲಿ, ನೀರು ಕುಡಿದು ಭಾರವಾಗಿಯೇ ಇರುತ್ತದೆ. ಅದು ತಗ್ಗದೆ ಇನ್ನೇನು ಮಾಡೀತು? ಬೇಸಗೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗೆ ಇನ್ನು ಯಾವ ಕೆರೆಯಲ್ಲೂ ಉತ್ತರವಿರಲಿಲ್ಲ.

ಕಂಬದ ಒಂದು ಕಡೆಗೆ ನಾನು, ಇನ್ನೊಂದು ಕಡೆಗೆ ಆಕೆಯ ಗಂಡ ಹೆಗಲು ಕೊಟ್ಟೆವು. ಅರ್ಧ ದಾರಿಯಲ್ಲಿ ಆತ ಮುಂದೆ ನೋಡುತ್ತಲೇ ಅಂದ: "ಮಣ್ಣಾಗಿದ್ದ ಕಡೆ ನೀರು ಕುಡದಿರ್ತೈತ್ರಿ ಬಡಿಗ್ಯಾರ. ದಿಮ್ಮಿ ಎಳಿಯಾಂವಗ ಗೊತ್ತಾಗಂಗಿಲ್ಲೇನು?"

ನಾನು ಹೆಜ್ಜೆ ನಿಲ್ಲಿಸಿದೆ. "ಹಂಗಾರ ಹೆಂಗ ನಿಲ್ಲಸೂಣು?"

"ಹೆಂಗಿತ್ತೋ ಹಂಗ. ಆಕೀ ಮುಂದ ಮಾತ್ರ ಆಡಬ್ಯಾಡ್ರಿ."

ಹಾಗೇ ನಿಲ್ಲಿಸಿದೆವು. ಕುಣಿಗೆ ಕಲ್ಲು ಜಡಿದು ಮಣ್ಣು ತುಳಿಯುವಾಗ ಇಬ್ಬರೂ ಮುಖ ಎತ್ತಲಿಲ್ಲ. ಆಕೆ ಕಂಬಕ್ಕೆ ಅರಿಸಿನ ಹಚ್ಚಿ, ನನಗೆ ರೊಟ್ಟಿ ಬಡಿಸಿ, "ನಿಮ್ಮ ಕೈ ಮ್ಯಾಲ ಸಂಶೇ ಮಾಡಿದ್ನಿ, ತಪ್ಪಾತ್ರಿ," ಅಂದಳು. ಆ ರೊಟ್ಟಿಯನ್ನು ನಾನು ಪೂರ್ತಿ ತಿಂದೆ. ಬಿಟ್ಟು ಎದ್ದಿದ್ದರೆ ಆಕೆ ಯಾಕೆಂದು ಕೇಳುತ್ತಿದ್ದಳು.