ಪ್ರಭಾವತಿಯಮ್ಮನ ಕಣ್ಣು, ಸ್ಕೂಟರಿನ ಕೀ

ಕಡಿಯಾಳಿಯ ನಮ್ಮ ಓಣಿಯಲ್ಲಿ ಪ್ರಭಾವತಿಯಮ್ಮನ ಸ್ಕೂಟರಿನ ಹಿಂದೆ ಕೂರದವರು ಯಾರೂ ಇಲ್ಲ. ಭಜನೆಗೆ ಹೊರಟ ಹೆಂಗಸರು, ಗ್ಯಾಸ್ ಸಿಲಿಂಡರ್, ಬಾಣಂತಿಗೆ ಒಯ್ಯುವ ಲೇಹ್ಯದ ಭರಣಿ, ಎಲ್ಲವೂ ಅದರಲ್ಲಿ ಸವಾರಿ ಮಾಡಿವೆ. ಅವರು ಸ್ಕೂಟರ್ ಕಲಿತದ್ದು ಗಂಡನಿಗಾಗಿ. ರಘುಪತಿ ಮಾಸ್ತರರು ಪೆರ್ಡೂರಿನ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಬೆಳಗಿನ ಪೂಜೆ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. "ದೇವರು ಕಾಯುತ್ತಾನೆ, ಬಸ್ಸು ಕಾಯುವುದಿಲ್ಲ" ಎಂದು ಹೆಂಡತಿ ಸ್ಕೂಟರ್ ತಂದು, ಅವರು ನಿವೃತ್ತರಾಗುವವರೆಗೂ ಶಾಲೆಗೆ ಬಿಟ್ಟು ಬಂದರು. ಮಾಸ್ತರರು ಹಿಂದೆ ಕೂತು ದಾರಿಯುದ್ದಕ್ಕೂ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ಜನ ಭಕ್ತಿ ಎಂದುಕೊಂಡರು. ತಿರುವು ಬಂದಾಗ ಮಾತ್ರ ಸ್ವರ ಏರುತ್ತಿತ್ತಂತೆ.

ಕಳೆದ ವರ್ಷ ಒಂದು ದಿನ ಪ್ರಭಾವತಿಯಮ್ಮ ಲೈನ್‌ಮನ್ ಕರುಣಾಕರನನ್ನು ರಸ್ತೆಯಲ್ಲೇ ನಿಲ್ಲಿಸಿದರು.

"ಕಂಬಗಳೆಲ್ಲ ನಡುವಿನಲ್ಲಿ ಬಾಗಿವೆಯಲ್ಲ ಮಾರಾಯ, ಬಿದ್ದರೆ ಯಾರು ಹೊಣೆ?"

ಕರುಣಾಕರ ತಲೆ ಓರೆ ಮಾಡಿ ನೋಡಿದ. "ಎಲ್ಲ ನೆಟ್ಟಗೆ ಉಂಟಲ್ಲ ಅಮ್ಮ."

"ಮೊದಲು ಹೋಗಿ ನಿನ್ನ ಕಣ್ಣು ತೋರಿಸು!"

ಗೇಟಿನ ಬಳಿ ನಿಂತಿದ್ದ ಮಾಸ್ತರರಿಗೆ ಇದು ಕೇಳಿಸಿತು. ಹೆಂಡತಿಯನ್ನು ಒಳಗೆ ಕರೆದು, ಒಂದೊಂದೇ ಕಣ್ಣು ಮುಚ್ಚಿಸಿ ಬಾಗಿಲಿನ ದಾರಂದ ತೋರಿಸಿದರು. ಎಡಗಣ್ಣಿಗೆ ಅದು ನೆಟ್ಟಗಿತ್ತು. ಬಲಗಣ್ಣಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ಹಾಗೆ ಕಂಡಿತು.

ಮಣಿಪಾಲದ ಕ್ಲಿನಿಕ್ಕಿನಲ್ಲಿ ಡಾಕ್ಟರು ಹೇಳಿದರು: "ಸ್ವಲ್ಪ ಪೊರೆ ಕಾಣುತ್ತದೆ, ಅದಕ್ಕೆ ಅವಸರವಿಲ್ಲ. ಆದರೆ ಗೆರೆ ಬಾಗಿ ಕಾಣುವುದು ಕಣ್ಣಿನ ಹಿಂದಿನ ಪರದೆಯ ತೊಂದರೆಯೂ ಇರಬಹುದು. ಹಾಗಿದ್ದರೆ ತಡ ಮಾಡಬಾರದು. ಇನ್ನೊಂದು ದಿನ ಬನ್ನಿ, ಡ್ರಾಪ್ಸ್ ಹಾಕಿ ಒಳಗೆ ನೋಡೋಣ."

ಮನೆಗೆ ಬಂದ ಮೇಲೆ ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಬರೀ ಪೊರೆಯಾದರೆ ಸ್ಕೂಟರ್ ಅವರದ್ದೇ. ಪರದೆಯ ತೊಂದರೆಯಾದರೆ ಕೀ ಮಾಸ್ತರರ ಕೈಗೆ.

ಪ್ರಭಾವತಿಯಮ್ಮ ಪಂಚಾಂಗ ತೆಗೆದು ನೋಡಿ, ಕ್ಲಿನಿಕ್ಕಿಗೆ ತಾವೇ ಫೋನ್ ಮಾಡಿ ದಿನ ಗೊತ್ತುಮಾಡಿದರು. ಆ ದಿನ ಏಕಾದಶಿ. ಅವರದು ನಿರ್ಜಲ ಉಪವಾಸ, ತೊಟ್ಟು ನೀರೂ ಇಲ್ಲ.

"ಕಣ್ಣಿಗೆ ಹಾಕಿದ ಮದ್ದು ಗಂಟಲಿಗೆ ಇಳಿದು ಕಹಿಯಾಗುತ್ತದೆ" ಎಂದು ಕ್ಲಿನಿಕ್ಕಿನಲ್ಲಿ ಕೈಮುಗಿದು ಕೂತರು. "ವ್ರತ ಕೆಡುತ್ತದೆ. ಮುಂದಿನ ತಿಂಗಳು ನೋಡೋಣ, ಅಲ್ವಾ?"

ಜೀವಮಾನವಿಡೀ ಮಕ್ಕಳಿಗೆ ವ್ರತದ ಮಹಿಮೆ ಹೇಳಿಕೊಟ್ಟ ಮಾಸ್ತರರು ಈಗ ಬೇಡ ಎನ್ನುವುದು ಹೇಗೆ?

ಸ್ಕ್ಯಾನ್ ಮಾಡುವ ಚಂಪಾ ಕಾಪುವಿನ ಹುಡುಗಿ. ಇಂಥವರನ್ನು ದಿನವೂ ನೋಡುವವಳು. "ಡ್ರಾಪ್ಸ್ ಬೇಡ ಅಮ್ಮ. ಮೊದಲು ನಮ್ಮ ಮೆಶಿನ್‌ನಲ್ಲಿ ನೋಡೋಣ. ಮದ್ದಿಲ್ಲ, ಮುಟ್ಟುವುದೂ ಇಲ್ಲ. ಬರೀ ಬೆಳಕು."

"ಬೆಳಕಾ?"

"ಹೌದು. ಒಳಗೆ ಹೋದ ಬೆಳಕು ಒಂದೊಂದು ಪದರಕ್ಕೂ ತಾಗಿ ವಾಪಸು ಬರುತ್ತದೆ. ಎಷ್ಟು ಆಳದಿಂದ ಎಷ್ಟು ಬಂತು ಅಂತ ನೋಡಿ ಮೆಶಿನ್ ಚಿತ್ರ ಬಿಡಿಸುತ್ತದೆ. ಯಾವುದು ಪದರ, ಯಾವುದು ನೀರು, ಎಲ್ಲ ಬೇರೆ ಬೇರೆ ಕಾಣುತ್ತದೆ. ಬೆಳಕಿಗೆ ಏಕಾದಶಿ ಉಂಟಾ?"

ಮಾಸ್ತರರು ಮೇಲುವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲ.

ಪ್ರಭಾವತಿಯಮ್ಮ ಗಲ್ಲವನ್ನು ಯಂತ್ರದ ಮೇಲೆ ಇಟ್ಟರು. ಆದರೆ ಚಂಪಾ ಗುಂಡಿ ಒತ್ತಲು ಹೊರಟಾಗಲೆಲ್ಲ ರೆಪ್ಪೆ ಮುಚ್ಚುತ್ತಿತ್ತು. ಚಿತ್ರದಲ್ಲಿ ಬರೀ ಕಪ್ಪು.

"ಕಣ್ಣು ಮುಚ್ಚಬೇಡಿ ಅಮ್ಮ."

"ನಾಮಸ್ಮರಣೆ ಮಾಡ್ತಾ ಇದ್ದೇನೆ. ಕಣ್ಣು ತಾನಾಗಿ ಮುಚ್ಚುತ್ತದೆ."

ಚಂಪಾ ಗುಂಡಿಯಿಂದ ಕೈ ತೆಗೆದಳು. ಆಮೇಲೆ ಮೆಲ್ಲಗೆ ಕೇಳಿದಳು. "ಮಠದಲ್ಲಿ ಕೃಷ್ಣನ ಕಿಂಡಿಗೆ ಮುಖ ಕೊಟ್ಟು ನಿಂತಾಗ ಕಣ್ಣು ಮುಚ್ಚುತ್ತೀರಾ?"

"ಛೆ! ಅಷ್ಟು ಹೊತ್ತು ಸಾಲಿನಲ್ಲಿ ನಿಂತು ಬಂದು, ಕೃಷ್ಣ ಎದುರಿಗಿರುವಾಗ ಯಾರಾದರೂ ಮುಚ್ಚುತ್ತಾರಾ?"

"ಇದೂ ಕಿಂಡಿಯೇ. ಒಳಗೊಂದು ಹಸಿರು ಗುರುತು ಉಂಟು. ಅವನೇ ಅಂತ ಗ್ರಹಿಸಿ ನೋಡಿ."

ಆ ಮೇಲೆ ರೆಪ್ಪೆ ಅಲುಗಲಿಲ್ಲ. ಪ್ರಭಾವತಿಯಮ್ಮ ಪಂಚಾಂಗವನ್ನು ಆಟಕ್ಕೆ ಬಳಸಿಯಾರು, ಆದರೆ ದೇವರ ಎದುರು ಕಣ್ಣು ಮುಚ್ಚಲು ಅವರಿಂದಾಗದು. ಚಿತ್ರ ಸಲೀಸಾಗಿ ಬಂತು.

ಮೆಶಿನ್‌ನ ಚಿತ್ರದಲ್ಲಿ ಪದರದ ಮೇಲೆ ಪದರ, ಒಂದು ಬಿಳಿ, ಒಂದು ಬೂದು. ಅಮ್ಮ ಬಗ್ಗಿ ನೋಡಿದರು. "ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಕೊಯ್ದಿಟ್ಟ ಪತ್ರೊಡೆಯ ಹಾಗೇ ಉಂಟು. ಉಪವಾಸದವಳಿಗೆ ಇದನ್ನು ತೋರಿಸ್ತೀಯಲ್ಲ ಮಾರಾಯ್ತಿ!"

ಡಾಕ್ಟರು ಬೆರಳಿಟ್ಟು ತೋರಿಸಿದರು. ಎಡಗಣ್ಣಿನ ಪದರಗಳು ಅಚ್ಚುಕಟ್ಟಾಗಿದ್ದವು. ಬಲಗಣ್ಣಿನ ನಡುವಿನಲ್ಲಿ ಮಾತ್ರ, ಹಿಟ್ಟಿನಿಂದ ಎಲೆ ಎದ್ದ ಹಾಗೆ, ಪದರ ಮೇಲೆ ಉಬ್ಬಿ ಅಡಿಯಲ್ಲಿ ಕಪ್ಪಗೆ ನೀರು ನಿಂತಿತ್ತು. "ಬರೀ ಪೊರೆಯಲ್ಲ. ಪರದೆಯದ್ದೇ ತೊಂದರೆ. ಬೇಗ ಗೊತ್ತಾದದ್ದು ಒಳ್ಳೆಯದಾಯಿತು. ತಿಂಗಳಿಗೊಂದು ಇಂಜೆಕ್ಷನ್ ಕೊಡಬೇಕು. ನೀರು ಆರುವವರೆಗೆ ಸ್ಕೂಟರ್ ಬೇಡ."

ಪ್ರಭಾವತಿಯಮ್ಮ ಸೆರಗಿನ ಗಂಟು ಬಿಚ್ಚಿ, ಕೀ ತೆಗೆದು ಗಂಡನ ಅಂಗೈಯಲ್ಲಿ ಇಟ್ಟರು. ಮಾಸ್ತರರ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. "ಗುಣ ಆಗುತ್ತದೆ ಪ್ರಭಾ" ಎಂದರು. ಹೊರಗೆ ಬಂದ ಮೇಲೆಯೇ ಅವರಿಗೆ ನೆನಪಾದದ್ದು, ಕೀ ಕೈಯಲ್ಲಿದ್ದರೂ ತಮಗೆ ಸ್ಕೂಟರ್ ಬಿಡಲು ಬರುವುದಿಲ್ಲ ಎಂದು. ಇಬ್ಬರೂ ಬಸ್ಸಿನಲ್ಲಿ ಬಂದರು. ಕ್ಲಿನಿಕ್ಕಿನಲ್ಲೇ ಬಿಟ್ಟಿದ್ದ ಸ್ಕೂಟರನ್ನು ಮರುದಿನ ಕರುಣಾಕರ ತಂದುಕೊಟ್ಟ.

ಇಂಜೆಕ್ಷನ್ ನಡೆಯುತ್ತಿದ್ದ ತಿಂಗಳುಗಳಲ್ಲಿ ಮನೆಗೆ ತರಕಾರಿ ತರುವವರಿಲ್ಲ, ಭಜನೆಗೆ ಬಿಡುವವರಿಲ್ಲ. ಮಾಸ್ತರರು ಎಲ್‌ಎಲ್‌ಆರ್ ಮಾಡಿಸಿಕೊಂಡು, ಹೆಂಡತಿಯನ್ನೇ ಗುರುವಾಗಿಟ್ಟುಕೊಂಡು ಮೈದಾನದಲ್ಲಿ ಸುತ್ತತೊಡಗಿದರು. "ಬ್ರೇಕಿಗೆ ಶ್ಲೋಕ ಹೇಳಿದರೆ ನಿಲ್ಲುವುದಿಲ್ಲ, ಹಿಡಿಯಿರಿ!" ಎಂಬ ಕೂಗು ಓಣಿಯವರೆಗೂ ಕೇಳುತ್ತಿತ್ತು. ಲೈಸೆನ್ಸ್ ಬಂತು. ಆಮೇಲೆ ಕೊತ್ತಂಬರಿ ಸೊಪ್ಪಿಗೂ ಅವರಿಗೆ ಸ್ಕೂಟರ್ ಬೇಕಾಯಿತು.

ಇತ್ತೀಚೆಗೆ ಮತ್ತೆ ಸ್ಕ್ಯಾನ್ ಆಯಿತು. ಉಬ್ಬು ಇಳಿದು ಪದರಗಳು ಒಂದಕ್ಕೊಂದು ಕೂಡಿದ್ದವು. ಇನ್ನು ಸ್ಕೂಟರ್ ಬಿಡಬಹುದು ಎಂದರು ಡಾಕ್ಟರು.

"ಕೀ ಕೊಡಿ" ಎಂದರು ಪ್ರಭಾವತಿಯಮ್ಮ.

"ನಾಳೆ ನೋಡೋಣ. ನನಗೆ ಸ್ವಲ್ಪ ಕೆಲಸ ಉಂಟು" ಎಂದರು ಮಾಸ್ತರರು.

ನಾಳೆ ನಾಳೆ ಎನ್ನುತ್ತ ವಾರ ಕಳೆಯಿತು. ಮೊನ್ನೆ ಬೆಳಿಗ್ಗೆ ನಾನು ಹೂವು ಕೊಯ್ಯುತ್ತಿದ್ದೆ. ಮಾಸ್ತರರು ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಕೀ ಹಿಡಿದು, ಖಾಲಿ ಅಂಗಳದ ನಡುವೆ ನಿಂತಿದ್ದರು.

"ನಮ್ಮ ಸ್ಕೂಟರ್ ಕಂಡಿರಾ?"

"ಕಂಡೆ" ಎಂದೆ. "ಅಮ್ಮ ಪೇಟೆಯಲ್ಲಿ ಇನ್ನೊಂದು ಕೀ ಮಾಡಿಸಿದ್ದಾರಂತೆ. ಬರುವುದು ಮಧ್ಯಾಹ್ನವಾಗಬಹುದು, ಅಷ್ಟರಲ್ಲಿ ನೀವೇ ಅನ್ನಕ್ಕೆ ಇಡಬೇಕಂತೆ."